ಹಳತಾಗುವ ರುಚಿ: ಬರ್ಗಂಡಿಯ ಬಿಳಿ ದ್ರಾಕ್ಷಾರಸದಿಂದ ನಮ್ಮ ಬೆಲ್ಲದ ಪೆಂಟೆಯವರೆಗೆ



ಈ ಸಲದ ತಲೆಬರಹವನ್ನು ಓದಿ ನಿಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ಪಾಲಬಾವಿಯ ಮಾಸ್ತರರಿಗೆ ನಿವೃತ್ತಿಯ ನಂತರ ಇದೇನು ಹೊಸ ಹವ್ಯಾಸ ಎಂದು ಮನೆಯವರೇ ನಕ್ಕಿದ್ದಾರೆ. ನಾನು ಮದ್ಯವನ್ನು ಮುಟ್ಟಿದವನಲ್ಲ, ಈ ವಯಸ್ಸಿನಲ್ಲಿ ಮುಟ್ಟುವ ಆಸೆಯೂ ಇಲ್ಲ. ಆದರೆ ಒಂದು ಪದಾರ್ಥದ ಇತಿಹಾಸವನ್ನು ತಿಳಿಯಲು ಅದನ್ನು ಸೇವಿಸಲೇಬೇಕೆಂಬ ನಿಯಮವಿಲ್ಲ. ಕತ್ತಿ ಹಿಡಿಯದೆಯೇ ನಾವು ತಾಳಿಕೋಟೆಯ ಕದನವನ್ನು ವರ್ಷವರ್ಷವೂ ಪಾಠ ಮಾಡಲಿಲ್ಲವೆ?

ವಿಷಯ ಇಷ್ಟೇ. ಫ್ರಾನ್ಸ್ ದೇಶದ ಬರ್ಗಂಡಿ ಎಂಬ ಪ್ರಾಂತದಲ್ಲಿ ತಯಾರಾಗುವ ಬಿಳಿ ದ್ರಾಕ್ಷಾರಸವನ್ನು ಹತ್ತು ಹದಿನೈದು ವರ್ಷ ಕತ್ತಲೆಯ ನೆಲಮಾಳಿಗೆಯಲ್ಲಿ ಇಟ್ಟರೆ ಅದರ ರುಚಿ ಬೇರೆಯೇ ಆಗುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಯಾಕೆ ಹಾಗಾಗುತ್ತದೆ? ಹಳತಾದರೆ ರುಚಿ ಕೂಡುತ್ತದೆ ಎಂಬುದನ್ನು ನಮ್ಮ ಹಿರಿಯರು ಕಂಡಿದ್ದರೆ? ಕಂಡಿದ್ದರೆ, ಇಂದು ನಮ್ಮ ಪೇಟೆಗಳಲ್ಲಿ ಹೊಸದಕ್ಕೆ ಮಾತ್ರ ಬೆಲೆ ಯಾಕೆ? ಈ ಪ್ರಶ್ನೆಗಳ ಬೆನ್ನು ಹತ್ತಿ ಹೋದಾಗ ನನಗೆ ಸಿಕ್ಕ ಉತ್ತರ ನಾಲಿಗೆಗಿಂತ ಹೆಚ್ಚಾಗಿ ಹೊಟ್ಟೆಗೆ ಸಂಬಂಧಿಸಿದ್ದಾಗಿತ್ತು. ಅದನ್ನೇ ಇಲ್ಲಿ ಬರೆದಿದ್ದೇನೆ.

ಎಳೆಯದು ಮತ್ತು ಬಲಿತದ್ದು

ಬರ್ಗಂಡಿ ಫ್ರಾನ್ಸಿನ ಪೂರ್ವಭಾಗದಲ್ಲಿದೆ. ನಮ್ಮ ಊರು ೧೬ ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿದ್ದರೆ ಅದು ೪೭ ಡಿಗ್ರಿಯ ಸಮೀಪದಲ್ಲಿದೆ. ಸುಣ್ಣಕಲ್ಲಿನ ಇಳಿಜಾರು, ಚಳಿಯ ಹವೆ. ಅಲ್ಲಿನ ಬಿಳಿ ದ್ರಾಕ್ಷಾರಸಕ್ಕೆ ಮುಖ್ಯ ತಳಿ ಶಾರ್ಡೊನೆ. ಮರ್ಸೋ, ಪ್ಯುಲಿನ್ಯಿ, ಶಾಬ್ಲಿ ಮೊದಲಾದವು ಹೆಸರಾಂತ ಊರುಗಳು. ರಸವನ್ನು ಓಕ್ ಮರದ ಪೀಪಾಯಿಯಲ್ಲಿ ಹುದುಗಿಸುವುದು ಅಲ್ಲಿಯ ಹಲವರ ಪದ್ಧತಿ. ಒಂದು ಪೀಪಾಯಿಗೆ ೨೨೮ ಲೀಟರ್ ಹಿಡಿಯುತ್ತದೆ.

ಹೊಸ ರಸದ ಬಣ್ಣ ತಿಳಿ ಹುಲ್ಲಿನ ಬಣ್ಣ, ಅಂಚಿನಲ್ಲಿ ತುಸು ಹಸಿರು. ರುಚಿಯಲ್ಲಿ ನಿಂಬೆಯ ಚುರುಕು, ಹಸಿರು ಸೇಬಿನ ಹುಳಿ, ಮರದಿಂದ ಬಂದ ವೆನಿಲ್ಲಾದ ವಾಸನೆ. ಇವೆಲ್ಲ ಒಂದಕ್ಕೊಂದು ಹೊಂದದೆ ಬೇರೆಬೇರೆಯಾಗಿಯೇ ನಿಂತಿರುತ್ತವೆಯಂತೆ, ಶಾಲೆಯ ಮೊದಲ ದಿನ ಒಂದೇ ಬೆಂಚಿನಲ್ಲಿ ಕುಳಿತ ಬೇರೆಬೇರೆ ಊರಿನ ಹುಡುಗರ ಹಾಗೆ. ಸೇಬಿನಲ್ಲಿರುವ ಮ್ಯಾಲಿಕ್ ಆಮ್ಲವನ್ನು ಸೂಕ್ಷ್ಮಜೀವಿಗಳು ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲವನ್ನಾಗಿ ಬದಲಿಸುತ್ತವೆ. ಆಗ ಹುಳಿ ಮೆತ್ತಗಾಗಿ ಬೆಣ್ಣೆಯ ವಾಸನೆ ಸೇರುತ್ತದೆ.

ಸೀಸೆಯಲ್ಲಿ ಕೆಲವು ವರ್ಷ ಕಳೆದ ಮೇಲೆ ಮರದ ವಾಸನೆ ಕರಗಿ ಹೋಗುತ್ತದೆ. ನಡುವೆ ಒಂದು ಕಾಲದಲ್ಲಿ ರಸ ಮೂಕವಾದಂತೆ, ಯಾವ ವಾಸನೆಯನ್ನೂ ಬಿಟ್ಟುಕೊಡದಂತೆ ಇರುವುದುಂಟು. ಅದನ್ನು ದಾಟಿ ಎಂಟು ಹತ್ತು ವರ್ಷವಾದರೆ ಬಣ್ಣ ಹೊನ್ನಿಗೆ ತಿರುಗುತ್ತದೆ. ಕೆಂಪು ದ್ರಾಕ್ಷಾರಸ ಹಳತಾದಂತೆ ಬಣ್ಣ ಕಳೆದುಕೊಂಡರೆ, ಬಿಳಿಯದು ಬಣ್ಣ ಗಳಿಸುತ್ತದೆ. ನಿಂಬೆ, ಸೇಬುಗಳ ಜಾಗದಲ್ಲಿ ಹುರಿದ ಬೀಜಗಳ, ಜೇನಿನ, ಆಗ ತಾನೆ ಸುಟ್ಟ ರೊಟ್ಟಿಯ, ಅಣಬೆಯ ವಾಸನೆಗಳು ಬರುತ್ತವೆ. ಹುಳಿ ಹೋಗಿರುವುದಿಲ್ಲ, ಆದರೆ ಚುಚ್ಚುವುದಿಲ್ಲ.

ನಾನು ಕುಡಿಯದೆಯೇ ಇದನ್ನು ಅರ್ಥ ಮಾಡಿಕೊಂಡದ್ದು ಉಪ್ಪಿನಕಾಯಿಯಿಂದ. ನಮ್ಮ ಮನೆಯ ನಿಂಬೆಕಾಯಿ ಉಪ್ಪಿನಕಾಯಿಯನ್ನೇ ನೆನೆಯಿರಿ. ಹಾಕಿದ ತಿಂಗಳಲ್ಲಿ ಉಪ್ಪು ಬೇರೆ, ಹುಳಿ ಬೇರೆ, ಸಿಪ್ಪೆಯ ಕಹಿ ಬೇರೆ. ಮೂರು ನಾಲ್ಕು ವರ್ಷವಾದ ಮೇಲೆ ಹೋಳು ಕಪ್ಪಗಾಗಿ, ಮೂರೂ ಕೂಡಿ ಒಂದೇ ರುಚಿಯಾಗಿರುತ್ತದೆ. ಜ್ವರ ಬಂದು ಬಾಯಿ ಕೆಟ್ಟವರಿಗೆ ನಮ್ಮ ತಾಯಂದಿರು ಕೊಡುತ್ತಿದ್ದದ್ದು ಆ ಹಳೆಯ ಹೋಳನ್ನೇ ಹೊರತು ಹೊಸದನ್ನಲ್ಲ. ಹುಣಸೆಹಣ್ಣಿನ ಮಾತೂ ಹಾಗೆಯೇ. ಕೆಂಪು ಹೊಸ ಹುಣಸೆ ಸಾರಿನ ರುಚಿ ಒಂದಾದರೆ, ಕಪ್ಪು ಹಳೆಯ ಹುಣಸೆಯ ರುಚಿ ಇನ್ನೊಂದು.

ಕಾಯುವ ಶಕ್ತಿ ಯಾರಿಗಿತ್ತು?

ಹಳತಾಗಲಿಕ್ಕೆ ಇಡುವುದು ಹೊಸ ಆಲೋಚನೆಯೇನಲ್ಲ. ರೋಮನ್ನರು ಕ್ರಿ.ಪೂ. ೧೨೧ರ ಬೆಳೆಯ ದ್ರಾಕ್ಷಾರಸವನ್ನು, ಆ ವರ್ಷದ ಅಧಿಕಾರಿ ಒಪಿಮಿಯಸನ ಹೆಸರಿನಿಂದಲೇ ಕರೆದು, ಮಣ್ಣಿನ ಕೊಡಗಳಲ್ಲಿ ಕಾಯ್ದಿಟ್ಟರು. ಸುಮಾರು ಇನ್ನೂರು ವರ್ಷಗಳ ತರುವಾಯ ಬರೆದ ಪ್ಲಿನಿ, ಅದು ಒರಟು ಜೇನಿನಂತೆ ಗಟ್ಟಿಯಾಗಿ ಕಹಿಯಾಗಿದೆ ಎಂದು ಹೇಳುತ್ತಾನೆ. ಹಳತಿಗೂ ಒಂದು ಮಿತಿಯಿದೆ ಎಂಬ ಪಾಠ ಅಲ್ಲಿಯೇ ಇದೆ. ಕ್ರಿ.ಶ. ಒಂದನೆಯ ಶತಮಾನದ ‘ಪೆರಿಪ್ಲಸ್’ ಗ್ರಂಥವು ಇಟಲಿಯ ದ್ರಾಕ್ಷಾರಸ ಭರೂಚ್ ಬಂದರಿಗೆ ಬರುತ್ತಿತ್ತೆಂದು ತಿಳಿಸುತ್ತದೆ. ಪೈಠಣ, ತೇರ್ ಮುಂತಾದ ದಖನ್ನಿನ ಊರುಗಳ ಸರಕು ಅದೇ ಬಂದರಿಗೆ ಹೋಗುತ್ತಿತ್ತು. ನಮಗೆ ದೂರವಲ್ಲದ ಕೊಲ್ಹಾಪುರದ ಬ್ರಹ್ಮಪುರಿಯಲ್ಲಿ ರೋಮನ್ನರ ಸಮುದ್ರದೇವನ ಕಂಚಿನ ಮೂರ್ತಿ ಸಿಕ್ಕಿದ್ದನ್ನು ತರಗತಿಯಲ್ಲಿ ಹೇಳಿದ್ದು ಕೆಲವರಿಗೆ ನೆನಪಿರಬಹುದು.

ಬರ್ಗಂಡಿಯ ಕಥೆ ಆರಂಭವಾಗುವುದು ಮಠಗಳಿಂದ. ೧೦೯೮ರಲ್ಲಿ ಸೀತೋ ಎಂಬಲ್ಲಿ ಕ್ರೈಸ್ತ ಸನ್ಯಾಸಿಗಳ ಒಂದು ಹೊಸ ಮಠ ಸ್ಥಾಪನೆಯಾಯಿತು. ಕಠಿಣ ಶ್ರಮ, ಸರಳ ಜೀವನ ಅವರ ನೇಮ. ಅವರದೇ ಇನ್ನೊಂದು ಮಠ ೧೧೧೪ರಲ್ಲಿ ಶಾಬ್ಲಿಯ ಸಮೀಪದ ಪೊಂತಿನ್ಯಿಯಲ್ಲಿ ಆಯಿತು. ನಮ್ಮ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದ ಕಾಲವದು. ಕಾಯಕವನ್ನು ಎತ್ತಿ ಹಿಡಿದ ಶರಣರ ಚಳವಳಿಗೆ ಇನ್ನೂ ಕೆಲವು ದಶಕಗಳಿದ್ದವು. ಈ ಸನ್ಯಾಸಿಗಳು ಒಂದೊಂದು ತುಂಡು ಹೊಲದ ರಸವನ್ನು ಬೇರೆಬೇರೆಯಾಗಿ ಇಳಿಸಿ, ಯಾವ ನೆಲದ ಗುಣ ಯಾವುದೆಂದು ತಲೆಮಾರುಗಳ ಕಾಲ ಗಮನಿಸಿದರು. ಹೀಗೆ ಗುರುತಿಸಿದ ತುಂಡುಗಳಿಗೆ ಅಲ್ಲಿ ‘ಕ್ಲಿಮಾ’ ಎಂಬ ಹೆಸರಿದೆ. ೨೦೧೫ರಲ್ಲಿ ಯುನೆಸ್ಕೊ ಅವುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಸನ್ಯಾಸಿ ಸಾಯುತ್ತಾನೆ, ಮಠ ಸಾಯುವುದಿಲ್ಲ. ಮಠಕ್ಕೆ ಮಗಳ ಮದುವೆಯಿಲ್ಲ, ಸಾಲದ ಕಂತಿಲ್ಲ. ಈ ವರ್ಷ ಮಾರದಿದ್ದರೆ ಮುಂದಿನ ವರ್ಷ ಎನ್ನಬಹುದು. ೧೪೪೩ರಲ್ಲಿ ಬೋನ್ ಪಟ್ಟಣದಲ್ಲಿ ನಿಕೊಲಾ ರೊಲ್ಯಾಂ ಎಂಬ ಮಂತ್ರಿ ಬಡವರಿಗಾಗಿ ಆಸ್ಪತ್ರೆಯೊಂದನ್ನು ಕಟ್ಟಿಸಿದ. ದಾನಿಗಳು ಅದಕ್ಕೆ ದ್ರಾಕ್ಷಿ ತೋಟಗಳನ್ನು ಬಿಟ್ಟುಕೊಟ್ಟರು. ಆ ತೋಟಗಳ ರಸವನ್ನು ೧೮೫೯ರಿಂದ ಪ್ರತಿ ವರ್ಷ ನವೆಂಬರಿನಲ್ಲಿ ಹರಾಜು ಹಾಕುವ ಪದ್ಧತಿ ಬೆಳೆದು, ಇಂದಿಗೂ ನಡೆಯುತ್ತಿದೆ. ಅಲ್ಲಿಯೂ ಕಾಯುವ ಶಕ್ತಿ ಒಬ್ಬ ವ್ಯಕ್ತಿಯದಲ್ಲ, ಸಂಸ್ಥೆಯದು. ೧೭೮೯ರ ಕ್ರಾಂತಿಯ ನಂತರ ಮಠದ ಆಸ್ತಿ ರಾಷ್ಟ್ರದ ವಶವಾಗಿ ಹರಾಜಾಯಿತು. ಆಮೇಲೆ ಮಕ್ಕಳಿಗೆ ಸಮಪಾಲು ಎಂಬ ಕಾನೂನಿನಿಂದ ತೋಟಗಳು ಸಾಲುಸಾಲಾಗಿ ಹರಿದು ಹಂಚಿಹೋದವು. ಅತ್ಯಂತ ಪ್ರಸಿದ್ಧವಾದ ಮೋಂರಾಶೆ ತೋಟ ಸುಮಾರು ಎಂಟು ಹೆಕ್ಟೇರ್, ಅಂದರೆ ನಮ್ಮ ಲೆಕ್ಕದಲ್ಲಿ ಇಪ್ಪತ್ತು ಎಕರೆ. ಅಷ್ಟರಲ್ಲಿಯೇ ಹಲವಾರು ಒಡೆಯರು!

ಗಾಜಿನ ಸೀಸೆಯ ಪಾತ್ರವನ್ನೂ ಮರೆಯಬಾರದು. ೧೭ನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಕಲ್ಲಿದ್ದಲ ಕುಲುಮೆಯಿಂದ ಗಟ್ಟಿ ಗಾಜು ಬಂತು. ಅದಕ್ಕೆ ಬಿರಡೆ ಜಡಿದು ಗಾಳಿಯನ್ನು ಹೊರಗಿಟ್ಟ ಮೇಲೆಯೇ ಈಗ ನಾವು ತಿಳಿದಿರುವ ಅರ್ಥದಲ್ಲಿ ರಸವನ್ನು ‘ಹಳತು ಮಾಡುವುದು’ ಸಾಧ್ಯವಾಯಿತು.

ಈ ಇತಿಹಾಸದಲ್ಲಿ ನನ್ನ ಮನಸ್ಸಿಗೆ ನಾಟಿದ ಸಂಗತಿ ೧೭೮೭ರದು. ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಬರೆದ ಥಾಮಸ್ ಜೆಫರ್ಸನ್ ಆಗ ಫ್ರಾನ್ಸಿನಲ್ಲಿ ರಾಯಭಾರಿ. ಬರ್ಗಂಡಿಯಲ್ಲಿ ಸುತ್ತಾಡುವಾಗ ಒಂದು ವ್ಯತ್ಯಾಸವನ್ನು ಟಿಪ್ಪಣಿ ಮಾಡಿಕೊಂಡ. ಕೆಂಪು ದ್ರಾಕ್ಷಾರಸದ ಊರುಗಳಲ್ಲಿ ಕೂಲಿಕಾರರು ಒಳ್ಳೆಯ ಗೋಧಿ ರೊಟ್ಟಿ ತಿನ್ನುತ್ತಿದ್ದರು. ಬಿಳಿಯದನ್ನು ಮಾಡುವ ಮರ್ಸೋದಲ್ಲಿ ತಿನ್ನುತ್ತಿದ್ದದ್ದು ಕೀಳು ಧಾನ್ಯದ ರೊಟ್ಟಿ. ಕಾರಣ ಕೇಳಿದರೆ, ಬಿಳಿಯದು ಪದೇಪದೇ ಕೈಕೊಡುತ್ತದೆ, ಮಾರಾಟವಾಗದೆ ಮನೆಯಲ್ಲಿಯೇ ಉಳಿಯುತ್ತದೆ, ಹಾಗಾಗಿ ರೈತನಿಗೆ ಆಳುಗಳನ್ನು ಚೆನ್ನಾಗಿ ಸಾಕಲು ಆಗುವುದಿಲ್ಲ ಎಂಬ ಉತ್ತರ ಬಂತು. ಇಂದು ಜಗತ್ತೇ ಹೊಗಳುವ ರುಚಿಯ ಬುಡದಲ್ಲಿ ಆ ಒಣ ರೊಟ್ಟಿಯೂ ಇದೆ. ಹಳತಾಗಲು ಕಾಯಬೇಕು, ಕಾಯಲು ಹೊಟ್ಟೆ ತುಂಬಿರಬೇಕು.

ನಮ್ಮ ಪೂರ್ವಿಕರ ಹಳತು-ಹೊಸತು

ಈಗ ನಮ್ಮ ಕಡೆಗೆ ಬರೋಣ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮದ್ಯದ ಮೇಲ್ವಿಚಾರಣೆಗೆ ಒಂದು ಅಧ್ಯಾಯವೇ ಇದೆ. ಆಸವ, ಅರಿಷ್ಟ, ಮೈರೇಯ ಮೊದಲಾದ ಬಗೆಗಳ ಜೊತೆಗೆ ದ್ರಾಕ್ಷಿಯ ಮದ್ಯವನ್ನೂ ಹೇಳಿ, ಅದನ್ನು ಅದು ಹುಟ್ಟಿದ ನಾಡಿನ ಹೆಸರಿನಿಂದ ಕಾಪಿಶಾಯನ, ಹಾರಹೂರಕ ಎಂದು ಕರೆಯುತ್ತಾರೆಂದು ತಿಳಿಸುತ್ತಾನೆ. ಊರಿನ ಹೆಸರಿನಿಂದ ರಸವನ್ನು ಗುರುತಿಸುವುದು ಬರ್ಗಂಡಿಯವರ ಆವಿಷ್ಕಾರವಲ್ಲ ಎಂದಾಯಿತು.

ಚರಕ ಸಂಹಿತೆಯು ಹೊಸ ಮದ್ಯ ಜಡವೆಂದೂ ದೋಷಗಳನ್ನು ಕೆರಳಿಸುವುದೆಂದೂ, ಹಳೆಯದು ಹಗುರ, ರುಚಿಕರ, ಹಸಿವನ್ನು ಹೆಚ್ಚಿಸುವಂಥದ್ದೆಂದೂ ಸ್ಪಷ್ಟವಾಗಿ ಹೇಳುತ್ತದೆ. ವಿಧಿಯರಿತು ಸೇವಿಸದವನಿಗೆ ಮದ್ಯವು ವಿಷವಾಗುವುದೆಂಬ ಎಚ್ಚರವನ್ನೂ ಕೊಡುತ್ತದೆ. ಹಳತರ ಈ ಗೌರವ ಮದ್ಯಕ್ಕೆ ಮಾತ್ರ ಮೀಸಲಲ್ಲ. ಒಂದು ವರ್ಷ ಹಳೆಯ ಧಾನ್ಯ ಹೊಸದಕ್ಕಿಂತ ಜೀರ್ಣಕ್ಕೆ ಸುಲಭ. ಹಳೆಯ ಬೆಲ್ಲ, ಹಳೆಯ ಜೇನು ಪಥ್ಯ. ಹತ್ತು ವರ್ಷದ ತುಪ್ಪ ಮನೋರೋಗಗಳಿಗೆ ಔಷಧ. ಹೀಗೆ ಸಾಗುತ್ತದೆ ವೈದ್ಯರ ಮಾತು. ಆಸವಗಳು ಹಳತಾದಷ್ಟೂ ಗುಣವಂತವಾಗುತ್ತವೆ ಎಂದು ಶಾರ್ಙ್ಗಧರ ಸಂಹಿತೆಯೂ ಹೇಳುತ್ತದೆ.

ವಿಧಾನವನ್ನು ನೋಡಿ. ಒಳಗೆ ತುಪ್ಪ ಸವರಿದ ಮಡಕೆಯಲ್ಲಿ ಕಷಾಯ, ಬೆಲ್ಲ, ಧಾತಕಿ ಹೂವುಗಳನ್ನು ಹಾಕಿ, ಬಾಯಿ ಮುಚ್ಚಿ ಮೆತ್ತಿ, ಧಾನ್ಯದ ರಾಶಿಯೊಳಗೆ ಹೂತು ಹದಿನೈದು ದಿನ ಅಥವಾ ತಿಂಗಳು ಬಿಡುವುದು. ತುಪ್ಪದ ಲೇಪ ಮಡಕೆಯ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ, ಧಾನ್ಯದ ರಾಶಿ ಉಷ್ಣತೆಯನ್ನು ಏರಿಳಿಯದಂತೆ ಕಾಯುತ್ತದೆ. ಬರ್ಗಂಡಿಯವರಿಗೆ ೧೨-೧೩ ಡಿಗ್ರಿಯ ನೆಲಮಾಳಿಗೆ ಮಾಡುವ ಕೆಲಸವೂ ಬಹುಪಾಲು ಇದೇ: ಕತ್ತಲೆ, ಸ್ಥಿರವಾದ ಉಷ್ಣತೆ, ಗಾಳಿಯ ತಡೆ. ಜೋಳವನ್ನು ವರ್ಷಗಟ್ಟಲೆ ಕಾಯುತ್ತಿದ್ದ ನಮ್ಮ ಹಗೇವುಗಳ ತತ್ತ್ವವೂ ಬೇರೆಯಲ್ಲ. ಔಷಧದಂಗಡಿಯಲ್ಲಿ ಇಂದಿಗೂ ಸಿಗುವ ದ್ರಾಕ್ಷಾರಿಷ್ಟ ಈ ಪರಂಪರೆಯ ಕೂಸು. ಅದನ್ನು ಚಮಚದಲ್ಲಿ ಕುಡಿದ ನಮ್ಮಲ್ಲಿ ಅನೇಕರು ಹುದುಗಿದ ದ್ರಾಕ್ಷಿಯನ್ನು ಸವಿದವರೇ!

ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ೧೧೨೯ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ನೂರು ಅಧ್ಯಾಯಗಳಿವೆ. ಅನ್ನಭೋಗ, ಪಾನೀಯಭೋಗಗಳ ಜೊತೆಗೆ ಮದ್ಯಪಾನದ ವಿನೋದವನ್ನೂ ಅರಸ ವರ್ಣಿಸುತ್ತಾನೆ. ಸೀತೋದ ಸನ್ಯಾಸಿಗಳು ಬಳ್ಳಿ ನೆಡುತ್ತಿದ್ದ ಕಾಲಕ್ಕೆ ನಮ್ಮ ನಾಡಿನ ಅರಮನೆಯಲ್ಲಿಯೂ ಪಾನದ ಶಾಸ್ತ್ರ ಬಲಿತಿತ್ತು. ೧೪ನೆಯ ಶತಮಾನದಲ್ಲಿ ಬಂದ ಇಬ್ನ್ ಬತೂತ ದೌಲತಾಬಾದಿನ ದ್ರಾಕ್ಷಿ ವರ್ಷಕ್ಕೆ ಎರಡು ಬೆಳೆ ಕೊಡುತ್ತದೆಂದು ಬೆರಗಾಗಿ ಬರೆದ. ಈ ಎರಡು ಬೆಳೆಯ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಬೇಡವೆಂದವರು

ಆದರೆ ಇದೇ ನೆಲದಲ್ಲಿ ಬೇಡವೆಂದವರ ಪರಂಪರೆಯೂ ಅಷ್ಟೇ ಗಟ್ಟಿಯಾಗಿದೆ. ಒಂಬತ್ತನೆಯ ಶತಮಾನದ ಜೈನ ವೈದ್ಯ ಉಗ್ರಾದಿತ್ಯ ತನ್ನ ‘ಕಲ್ಯಾಣಕಾರಕ’ದಲ್ಲಿ ಮದ್ಯ, ಮಾಂಸ, ಜೇನುಗಳಿಲ್ಲದ ವೈದ್ಯವನ್ನು ಕಟ್ಟಿದ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ ಕನ್ನಡದ ಹಳೆಯ ವೈದ್ಯಗ್ರಂಥಗಳಲ್ಲೊಂದು. ಅದರ ಚಿಕಿತ್ಸೆಯೂ ಸಂಪೂರ್ಣ ಸಸ್ಯಾಹಾರಿ, ಮದ್ಯರಹಿತ. ಅದೇ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಎಂಬುವನಿದ್ದ. ಹೆಂಡ ಮಾರುವ ಕಾಯಕದಿಂದ ಬಂದ ಆತ ತನ್ನ ಕಸುಬಿನ ಮಾತುಗಳಲ್ಲಿಯೇ ಅನುಭಾವವನ್ನು ಹೇಳಿದ. ಒಂದೇ ಶತಮಾನದಲ್ಲಿ, ಒಂದೇ ನಾಡಿನಲ್ಲಿ ಪಾನವನ್ನು ವರ್ಣಿಸಿದ ಅರಸ, ಅದನ್ನು ಬಿಟ್ಟು ಮದ್ದು ಕೊಟ್ಟ ವೈದ್ಯ, ಅದರ ಹೆಸರನ್ನು ಹೊತ್ತೇ ಶರಣನಾದ ಮಾರಯ್ಯ ಮೂವರೂ ಇದ್ದರು. ‘ನಮ್ಮ ಪರಂಪರೆ’ ಎಂದು ಏಕವಚನದಲ್ಲಿ ಮಾತಾಡುವವರಿಗೆ ನಾನು ಈ ಮೂವರನ್ನು ನೆನಪಿಸುತ್ತೇನೆ.

ಇನ್ನು ನಮ್ಮ ಕಾಲದ ಮಾತು. ಬೆಳಗಾವಿ ಜಿಲ್ಲೆ ೧೯೫೬ರ ನವೆಂಬರ್ ೧ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ೧೯೪೯ರ ಮುಂಬಯಿ ಪಾನನಿಷೇಧ ಕಾಯ್ದೆಯ ಕಾಲವನ್ನು ನಮ್ಮ ತಂದೆಯ ತಲೆಮಾರು ಕಂಡಿತ್ತು. ೧೯೬೭ರಲ್ಲಿ ಮೈಸೂರು ರಾಜ್ಯ ನಿಷೇಧವನ್ನು ತೆಗೆದುಹಾಕಿತು. ಮುಂದಿನ ನಾಲ್ಕು ದಶಕ ಸಾರಾಯಿಯ ಕಾಲ. ಸಾರಾಯಿಗೆ ಹಳತು-ಹೊಸತು ಎಂಬುದಿಲ್ಲ, ರುಚಿಯೂ ಇಲ್ಲ. ಅಮಲು ಮಾತ್ರ ಇದೆ. ಸಂಜೆ ಕೂಲಿ ಸಿಕ್ಕ ಕ್ಷಣದಲ್ಲಿಯೇ ಅದು ಪಾಕೀಟಿನ ರೂಪದಲ್ಲಿ ಕೈಗೆ ಬರುತ್ತಿತ್ತು.

ಆ ವರ್ಷಗಳಲ್ಲಿ ನಾನು ಶಿಕ್ಷಕನಾಗಿದ್ದೆ. ಬೆಳಗಿನ ಪ್ರಾರ್ಥನೆಯಲ್ಲಿ ತಲೆ ಸುತ್ತಿ ಕುಸಿಯುವ ಹುಡುಗರನ್ನು ಕೇಳಿದರೆ, ಹಿಂದಿನ ರಾತ್ರಿ ಒಲೆ ಹೊತ್ತಿಸಿರಲಿಲ್ಲ ಎಂಬ ಉತ್ತರ ಬರುತ್ತಿತ್ತು. ಯಾಕೆ ಹೊತ್ತಿಸಿರಲಿಲ್ಲ ಎಂದು ಕೇಳುವ ಅವಶ್ಯಕತೆ ಇರಲಿಲ್ಲ. ಒಂಬತ್ತನೆಯ ತರಗತಿಯಲ್ಲಿ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿದ್ದ ಒಬ್ಬ ಹುಡುಗ ಹತ್ತನೆಯ ತರಗತಿಗೆ ಬರಲೇ ಇಲ್ಲ. ತಂದೆಯ ಕುಡಿತದ ಸಾಲ ತೀರಿಸಲು ಕಬ್ಬು ಕಡಿಯುವ ಗ್ಯಾಂಗಿಗೆ ಸೇರಿಹೋದ. ೨೦೦೭ರ ಜುಲೈ ೧ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಕುಡಿತ ನಿಲ್ಲಲಿಲ್ಲ, ಬೇರೆ ಸೀಸೆಗೆ ಹೋಯಿತು. ಆದುದರಿಂದ ದ್ರಾಕ್ಷಾರಸದ ರುಚಿಯ ಬಗ್ಗೆ ಬರೆಯುವಾಗಲೂ ಆ ಹುಡುಗನ ಖಾಲಿ ಜಾಗವನ್ನು ನಾನು ಮರೆಯಲಾರೆ. ರುಚಿಯ ಇತಿಹಾಸವೂ ಅಮಲಿನ ಇತಿಹಾಸವೂ ಒಂದೇ ಅಲ್ಲ. ಆದರೆ ಎರಡೂ ಒಂದೇ ಓಣಿಯಲ್ಲಿ ವಾಸವಾಗಿವೆ.

ಮೆಂತೆ, ಬೆಲ್ಲ ಮತ್ತು ಒಂದು ಅಣು

ಈಗ ನನಗೆ ಅತ್ಯಂತ ಸಂತೋಷ ಕೊಟ್ಟ ಸಂಗತಿಯನ್ನು ಹೇಳುತ್ತೇನೆ. ಹಳೆಯ ಬಿಳಿ ದ್ರಾಕ್ಷಾರಸದಲ್ಲಿ ಕಾಣಿಸಿಕೊಳ್ಳುವ ವಾಸನೆಯ ವಸ್ತುಗಳಲ್ಲಿ ‘ಸೊಟೊಲೋನ್’ ಎಂಬುದೊಂದು. ಈ ಹೆಸರು ಬಂದದ್ದು ಕಚ್ಚಾ ಸಕ್ಕರೆ ಎಂಬ ಅರ್ಥದ ಜಪಾನಿ ಮಾತಿನಿಂದ. ಕಬ್ಬಿನ ಕಚ್ಚಾ ಸಕ್ಕರೆಯ ಕಂಪಿನಲ್ಲಿ ಜಪಾನಿನ ವಿಜ್ಞಾನಿಗಳು ಅದನ್ನು ಗುರುತಿಸಿದರು. ನಮ್ಮ ಮೆಂತೆಕಾಳಿನ ವಿಶಿಷ್ಟ ವಾಸನೆಗೂ ಅದೇ ಕಾರಣ. ಎಲ್ಲಿಯ ಬರ್ಗಂಡಿ, ಎಲ್ಲಿಯ ನಮ್ಮ ಗಾಣ, ಎಲ್ಲಿಯ ಮೆಂತೆ!

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಫ್ರಾನ್ಸಿನದೇ ಜೂರಾ ಪ್ರಾಂತದ ‘ಹಳದಿ’ ದ್ರಾಕ್ಷಾರಸದಲ್ಲಿ ಈ ವಾಸನೆ ಬಂದರೆ ಅದು ಗೌರವ. ಬರ್ಗಂಡಿಯ ಬಿಳಿಯದರಲ್ಲಿ ಅಕಾಲದಲ್ಲಿ ಬಂದರೆ ಅದು ದೋಷ. ೧೯೯೫, ೧೯೯೬ರ ಬೆಳೆಯ ಸೀಸೆಗಳನ್ನು ಕೆಲವು ವರ್ಷಗಳ ನಂತರ ತೆರೆದವರಿಗೆ ಆಘಾತ ಕಾದಿತ್ತು. ಇಪ್ಪತ್ತು ವರ್ಷ ಬಾಳಬೇಕಾದದ್ದು ಏಳೆಂಟು ವರ್ಷಕ್ಕೇ ಕಂದಾಗಿ, ಜಜ್ಜಿದ ಸೇಬಿನ ವಾಸನೆ ಹಿಡಿದು, ಸಪ್ಪೆಯಾಗಿತ್ತು. ಒಂದೇ ಪೆಟ್ಟಿಗೆಯ ಒಂದು ಸೀಸೆ ಚೆನ್ನಾಗಿದ್ದರೆ ಪಕ್ಕದ್ದು ಕೆಟ್ಟಿರುತ್ತಿತ್ತು. ಅಕಾಲ ವೃದ್ಧಾಪ್ಯವೆಂದೇ ಇದನ್ನು ಕರೆಯಬೇಕು. ಬಿರಡೆಯ ದೋಷ, ಕಾಪಿಡುವ ಗಂಧಕವನ್ನು ಕಡಿಮೆ ಮಾಡಿದ್ದು, ರಸವನ್ನು ಅತಿಯಾಗಿ ನಯವಾಗಿ ಹಿಂಡುವ ಹೊಸ ಯಂತ್ರಗಳು ಎಂದು ಹಲವು ಕಾರಣಗಳನ್ನು ಹೇಳಿದರು. ಸಾವಿರ ವರ್ಷದ ಅನುಭವವಿದ್ದವರೂ ಸಣ್ಣಪುಟ್ಟ ಬದಲಾವಣೆಗಳಿಂದ ಎಡವಿದರು. ವಯಸ್ಸು ತಾನಾಗಿ ಗುಣವನ್ನು ತರುವುದಿಲ್ಲ. ಒಳಗೆ ಹುಳಿಯ ಗಟ್ಟಿತನ, ಹೊರಗೆ ಜೋಪಾನ ಎರಡೂ ಬೇಕು. ಅರವತ್ತು ದಾಟಿದ ನನಗೆ ಈ ಮಾತು ಬೇರೆ ಅರ್ಥದಲ್ಲಿಯೂ ಸರಿಯೆನಿಸಿತು.

ನಮ್ಮ ಬೆಲ್ಲದ ಸ್ಥಿತಿಯನ್ನು ನೋಡಿ. ನಮ್ಮ ಸೀಮೆಯ ಬೆಲ್ಲಕ್ಕೆ ಮಹಾಲಿಂಗಪುರದ ಪೇಟೆ ದೊಡ್ಡದು. ಅಲ್ಲಿ ಪೆಂಟೆ ಎಷ್ಟು ಬಿಳುಪೋ ಅಷ್ಟು ದರ. ಆ ಬಿಳುಪಿಗಾಗಿ ಕೊಪ್ಪರಿಗೆಗೆ ‘ಹೈಡ್ರೋಸ್’ ಪುಡಿ ಬೀಳುವುದನ್ನು ಗಾಣದ ಕಡೆಯವರೆಲ್ಲ ಬಲ್ಲರು. ಕಪ್ಪಗಾದ ಹಳೆಯ ಬೆಲ್ಲವನ್ನು ವೈದ್ಯಗ್ರಂಥ ಹೊಗಳಿದರೂ ಪೇಟೆ ತಿರಸ್ಕರಿಸುತ್ತದೆ. ಹಳತನ್ನು ಗೌರವಿಸಿದ ನಾಡಿನಲ್ಲಿ ಹಳತು ಎಂಬುದು ದರ ಇಳಿಸುವ ಮಾತಾಗಿಬಿಟ್ಟಿದೆ.

ಕೃಷ್ಣಾ ಕಣಿವೆಯ ಪ್ರಶ್ನೆ

ಅಥಣಿ, ವಿಜಯಪುರದ ಕಡೆ ದ್ರಾಕ್ಷಿ ಬೆಳೆಯುವವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ. ಬಹುತೇಕ ಥಾಮ್ಸನ್ ಸೀಡ್‌ಲೆಸ್ ಮತ್ತು ಅದರ ಬಳಗದ ತಳಿಗಳು. ಏಪ್ರಿಲಿನಲ್ಲಿ ಒಮ್ಮೆ, ಅಕ್ಟೋಬರಿನ ಸುಮಾರಿಗೆ ಇನ್ನೊಮ್ಮೆ ಚಾಟ್ನಿ. ಫೆಬ್ರುವರಿಯಿಂದ ಏಪ್ರಿಲ್ ನಡುವೆ ಹಣ್ಣು. ಚಳಿದೇಶದ ಬಳ್ಳಿ ಹಿಮದಲ್ಲಿ ನಿದ್ರಿಸುತ್ತದೆ, ನಮ್ಮದು ನಿದ್ರಿಸುವುದೇ ಇಲ್ಲ. ಇಬ್ನ್ ಬತೂತ ಕಂಡ ಎರಡು ಬೆಳೆಯ ಗುಟ್ಟು ಇದೇ. ನಾವು ಎರಡು ಸಲ ಕತ್ತರಿಸಿ ಒಂದು ಬೆಳೆಯನ್ನು ಮಾತ್ರ ತೆಗೆದುಕೊಳ್ಳುತ್ತೇವೆ. ಬಿಸಿಲಿಗೆ ಹಣ್ಣಿನಲ್ಲಿ ಸಿಹಿ ಬೇಗ ಏರುತ್ತದೆ, ಹುಳಿ ಬೇಗ ಇಳಿಯುತ್ತದೆ. ಬಹುಕಾಲ ಬಾಳಲು ಬೇಕಾದ ಹುಳಿಯೇ ಕಡಿಮೆಯಾದ್ದರಿಂದ ನಮ್ಮ ನಾಡಿನ ಬಿಳಿ ದ್ರಾಕ್ಷಾರಸಗಳನ್ನು ಒಂದೆರಡು ವರ್ಷದಲ್ಲಿ ಮುಗಿಸುವುದೇ ವಾಡಿಕೆ.

ಕರ್ನಾಟಕದಲ್ಲಿ ಈ ಉದ್ಯಮಕ್ಕೆ ಹೊಸ ದಾರಿ ಹಾಕಿದವರು ಕನ್ವಲ್ ಗ್ರೋವರ್. ೧೯೮೮ರಲ್ಲಿ ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಲ್ಲಿ ಫ್ರಾನ್ಸಿನ ತಳಿಗಳನ್ನು ನೆಡಿಸಿದರು. ೨೦೦೭ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಹಾಗೂ ವೈನ್ ನೀತಿಯನ್ನು ತಂದು, ಮಂಡಳಿಯೊಂದನ್ನು ರಚಿಸಿತು. ನಂದಿ, ಕೃಷ್ಣಾ ಮೊದಲಾದ ಕಣಿವೆಗಳನ್ನು ಗುರುತಿಸಿದಾಗ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳು ಕೃಷ್ಣಾ ಕಣಿವೆಯಲ್ಲಿ ಸೇರಿದವು. ಸಾರಾಯಿ ನಿಂತ ವರ್ಷವೇ ವೈನ್ ನೀತಿ ಬಂದದ್ದು ಇತಿಹಾಸದ ಒಂದು ಚೋದ್ಯ.

ಆದರೂ ನಮ್ಮ ರೈತರ ಒಲವು ಮಣೂಕದ ಕಡೆಗೇ ಉಳಿಯಿತು. ಗೊಂಚಲನ್ನು ದ್ರಾವಣದಲ್ಲಿ ಅದ್ದಿ, ನೆರಳಿನ ಶೆಡ್ಡಿನ ಜಾಳಿಗೆಯ ಮೇಲೆ ಹರಡಿ ಒಣಗಿಸಿ, ಶೀತಲಗೃಹದಲ್ಲಿ ಇಡುತ್ತಾರೆ. ಅಲ್ಲಿಯೂ ಕಾಯುವಿಕೆ ಇದೆ. ಆದರೆ ಕಾಯುವುದು ದರಕ್ಕಾಗಿ, ರುಚಿಗಾಗಿ ಅಲ್ಲ. ಮಣೂಕ ಕಂದಾದರೆ ದರ ಹೋಯಿತು. ಹಸಿರು ಹಳದಿಯಾಗಿಯೇ ಉಳಿಯಲೆಂದು, ಅದು ಹಳತಾಗದಿರಲೆಂದು, ತಿಂಗಳ ಬಾಡಿಗೆ ಕಟ್ಟುತ್ತಾರೆ.

ಒಬ್ಬ ವಿದ್ಯಾರ್ಥಿ ಕಳೆದ ಸುಗ್ಗಿಯಲ್ಲಿ ಕೇಳಿದ್ದ: ವೈನ್ ತಳಿ ಹಾಕಲೇ, ಇದನ್ನೇ ಮುಂದುವರಿಸಲೇ ಎಂದು. ನಾನು ಉತ್ಸಾಹದಿಂದ ಬರ್ಗಂಡಿಯ ಕಥೆ ಹೇಳತೊಡಗಿದೆ. ಎಲ್ಲವನ್ನೂ ಕೇಳಿದ ಮೇಲೆ ಅವನೆಂದ: “ಸರ, ಹತ್ತು ವರ್ಷ ಇಟ್ಟರ ರುಚಿ ಬರತೈತಿ ಅಂತೀರಿ, ಖರೇ ಇರಬಹುದು. ಆದರ ಮಾರ್ಚದಾಗ ನಾ ಸೊಸೈಟಿ ಸಾಲಾ ಕಟ್ಟಬೇಕ್ರಿ. ಆ ಹತ್ತು ವರ್ಷ ನನಗ ಯಾರು ಕೊಡ್ತಾರ್ರಿ?”

ಮರ್ಸೋದ ಕೂಲಿಕಾರರು ಜೆಫರ್ಸನ್ನನಿಗೆ ಹೇಳಿದ್ದೂ ಇದನ್ನೇ ಅಲ್ಲವೆ? ಎರಡು ಶತಮಾನಗಳ ಅಂತರ, ಎರಡು ಖಂಡಗಳ ಅಂತರ, ಮಾತು ಒಂದೇ. ನಾನು ಕೃಷಿ ಪಂಡಿತನಲ್ಲ. ಇತಿಹಾಸ ಕಲಿಸಿದ ಮೂರು ಸಂಗತಿಗಳನ್ನಷ್ಟೇ ಅವನಿಗೆ ಹೇಳಿದೆ. ತಿನ್ನುವ ದ್ರಾ‌ಕ್ಷಿ ಬೇರೆ, ರಸದ ದ್ರಾಕ್ಷಿ ಬೇರೆ. ರಸದ ತಳಿ ಹಾಕಿದರೆ ಕೊಳ್ಳುವವನು ಕೈಬಿಟ್ಟಾಗ ಅದನ್ನು ಒಣಗಿಸಿ ಮಾರಲೂ ಆಗುವುದಿಲ್ಲ. ಆದ್ದರಿಂದ ಬರಹದಲ್ಲಿ ಕರಾರು ಆಗುವವರೆಗೆ ಒಂದು ಬಳ್ಳಿಯನ್ನೂ ಕೀಳಬೇಡ. ಎರಡನೆಯದು, ಕಾಯುವ ಹೊರೆಯನ್ನು ಒಂಟಿ ರೈತ ಎಲ್ಲಿಯೂ ಹೊತ್ತು ಗೆದ್ದಿಲ್ಲ. ಮಠವೋ, ಆಸ್ಪತ್ರೆಯೋ, ಸಹಕಾರ ಸಂಘವೋ ಹೊತ್ತಿದೆ. ನೀವು ಹತ್ತು ಜನ ಕೂಡದೆ ಶೀತಲಗೃಹದ ಬಾಡಿಗೆಯನ್ನೂ ಗೆಲ್ಲಲಾರಿರಿ. ಮೂರನೆಯದು, ಇನ್ನೊಬ್ಬರ ನೆಲದ ರುಚಿಯನ್ನು ನಕಲು ಮಾಡಲಾಗುವುದಿಲ್ಲ. ನಮ್ಮ ಬಿಸಿಲಿನಲ್ಲಿ ಯಾವುದು ಚೆನ್ನಾಗಿ ಬಲಿಯುತ್ತದೆ ಎಂಬುದನ್ನು ನಾವೇ ಗಮನಿಸಿ ಬರೆದಿಡಬೇಕು. ಆ ಸನ್ಯಾಸಿಗಳ ನಿಜವಾದ ಆಸ್ತಿ ತೋಟಕ್ಕಿಂತ ಹೆಚ್ಚಾಗಿ ಆ ಗಮನವೇ ಆಗಿತ್ತು. ಅವನು ಈ ವರ್ಷ ಇದ್ದ ಬಳ್ಳಿಗಳನ್ನೇ ಉಳಿಸಿಕೊಂಡಿದ್ದಾನೆ. ಓಣಿಯ ಆರು ಮಂದಿ ಬೆಳೆಗಾರರೊಡನೆ ಸೇರಿ ಮಣೂಕವನ್ನು ಒಟ್ಟಿಗೆ ಇಡುವ ಏರ್ಪಾಡು ಮಾಡಿದ್ದಾನೆ.

ಹಳತಾದದ್ದೆಲ್ಲ ರುಚಿಯೂ ಅಲ್ಲ, ಹೊಸದೆಲ್ಲ ಸಪ್ಪೆಯೂ ಅಲ್ಲ. ಯಾವುದನ್ನು ಇಡಬೇಕು, ಎಷ್ಟು ಕಾಲ ಇಡಬೇಕು, ಇಡುವ ಖರ್ಚನ್ನು ಯಾರು ಹೊರಬೇಕು ಎಂಬ ತಿಳಿವಳಿಕೆಯೇ ಒಂದು ನಾಡಿನ ಸಂಸ್ಕೃತಿ. ಆ ತಿಳಿವಳಿಕೆ ನಮ್ಮ ಹಿರಿಯರ ಅಡಿಗೆಮನೆಯಲ್ಲಿ, ಹಗೇವಿನಲ್ಲಿ, ಔಷಧದ ಮಡಕೆಯಲ್ಲಿ ಇತ್ತು. ಅದನ್ನು ಬಲ್ಲ ಅಜ್ಜಿಯರು ಇನ್ನೂ ಕೆಲವರು ಇದ್ದಾರೆ. ನಿಮ್ಮ ಮನೆಯಲ್ಲಿ ತುಪ್ಪವನ್ನು, ಬೆಲ್ಲವನ್ನು, ಹುಣಸೆಯನ್ನು, ಉಪ್ಪಿನಕಾಯಿಯನ್ನು ಎಷ್ಟು ವರ್ಷ, ಯಾವುದರಲ್ಲಿ, ಯಾವ ಕಾರಣಕ್ಕಾಗಿ ಇಡುತ್ತಿದ್ದರು ಎಂದು ಅವರನ್ನು ಕೇಳಿ ನನಗೆ ಬರೆದು ತಿಳಿಸಿರಿ. ಬಂದ ಉತ್ತರಗಳನ್ನು ಊರಿನ ಹೆಸರಿನೊಂದಿಗೆ ಒಟ್ಟುಗೂಡಿಸಿ ಮುಂದೊಮ್ಮೆ ಬರೆಯುವೆನು.